ಕ್ಯಾನನ್ 50 ಎಂಎಂ ಎಫ್ 1.8 ಎಸ್‌ಟಿಎಂ: ಊರಿನ ಮುಖಗಳಿಗೆ ಹೇಳಿ ಮಾಡಿಸಿದ ಲೆನ್ಸ್

ಮೊದಲೇ ಹೇಳಿಬಿಡುತ್ತೇನೆ. ಹೂವು, ಸೂರ್ಯಾಸ್ತ, ಜೋಗ, ಸಿಗಂದೂರು ಲಾಂಚು ಎಲ್ಲಾ ತೆಗೆದಾಯ್ತು, ಇನ್ನೇನು ತೆಗೆಯೋದು ಅಂತ ಕ್ಯಾಮೆರಾನ ಕಪಾಟಿನಲ್ಲಿ ಇಟ್ಟಿದ್ದೀರಾ? ಹಾಗಾದರೆ ಈ ಲೆನ್ಸ್ ತೊಗೊಳ್ಳಿ. ಇನ್ನೂ ದೊಡ್ಡ ಕ್ಯಾಮೆರಾ ಬಾಡಿ, ಇನ್ನೂ ಉದ್ದದ ಲೆನ್ಸ್ ಅಂತ ಸಾಲ ಮಾಡೋ ಮೊದಲು ಇದನ್ನು ಹಾಕಿಕೊಂಡು ಮನೆಯವರ, ಅಕ್ಕಪಕ್ಕದವರ ಮುಖ ನೋಡಿ. ನನಗೆ ಫೋಟೋ ತೆಗೆಯೋದು ಯಾತಕ್ಕೆ ಅನ್ನೋದು ಗೊತ್ತಾಗಿದ್ದು ಇದನ್ನು ಕೊಂಡ ಮೇಲೆ.

ಲೆನ್ಸ್ ಬಗ್ಗೆ ಗೊತ್ತಿಲ್ಲದವರಿಗೆ ಒಂದಿಷ್ಟು. ಇದು ಬಂದಿದ್ದು 2015ರಲ್ಲಿ. ಎಸ್‌ಟಿಎಂ ಅನ್ನೋದು ಇದರೊಳಗಿನ ಫೋಕಸ್ ಮೋಟಾರಿನ ಹೆಸರು. ಜೂಮ್ ಇಲ್ಲ, 50 ಎಂಎಂ ಅಂದ್ರೆ 50 ಎಂಎಂ ಅಷ್ಟೇ. ತೂಕ ಸುಮಾರು 160 ಗ್ರಾಂ, ಅಂಗಿ ಜೇಬಿನಲ್ಲಿ ಹಿಡಿಯುತ್ತದೆ. ಇದಕ್ಕಿಂತ ಹಿಂದಿನದು 1990ರದ್ದು, ಅದರ ಮೌಂಟ್ ಪ್ಲಾಸ್ಟಿಕ್. ಇದರದ್ದು ಲೋಹ, ಕ್ಯಾಮೆರಾಗೆ ಗಟ್ಟಿಯಾಗಿ ಕೂರುತ್ತದೆ. ಬೆಳಕು ಒಳಗೆ ಬಿಡುವ ಕಿಂಡಿಗೆ ಅಪರ್ಚರ್ ಅಂತಾರೆ, ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಹಳೆಯದರಲ್ಲಿ ಆ ಕಿಂಡಿಯ ಎಲೆ ಐದು, ಇದರಲ್ಲಿ ಏಳು. ಹಾಗಾಗಿ ಹಿಂದೆ ಮಬ್ಬಾಗಿ ಕಾಣುವ ದೀಪಗಳು ಮೂಲೆ ಮೂಲೆಯಾಗಿ ಕಾಣದೆ ದುಂಡಗೆ ಬರುತ್ತವೆ. 35 ಸೆಂಟಿಮೀಟರ್‌ವರೆಗೆ ಹತ್ತಿರ ಹೋಗಬಹುದು. ನಾನು ಬಳಸುತ್ತಿರುವುದು ಕ್ಯಾನನ್ 1500ಡಿ ಬಾಡಿಯ ಮೇಲೆ. ತೀರಾ ಸಾಮಾನ್ಯ ಕ್ಯಾಮೆರಾ, ನಮ್ಮ ಕಡೆ ಹವ್ಯಾಸಕ್ಕೆ ಅಂತ ಕೊಂಡವರಲ್ಲಿ ಬಹಳ ಜನರ ಹತ್ತಿರ ಇದೆ.

ಎಫ್ 1.8 ಅಂದ್ರೆ ಏನು ಅನ್ನೋದು ಕಾಗದದ ಮೇಲೆ ಓದಿದರೆ ಅರ್ಥ ಆಗಲ್ಲ, ಅಡಿಕೆ ಸುಲಿಯುವ ಮನೆಗೆ ರಾತ್ರಿ ಹೋದರೆ ಆಗುತ್ತದೆ. ನಮ್ಮದು ಸಾಗರದ ಕಡೆಯ ಹಳ್ಳಿ. ದೀಪಾವಳಿ ಆಸುಪಾಸಿನಲ್ಲಿ ಕೊಯ್ಲು ಶುರುವಾದರೆ ಸಂಕ್ರಾಂತಿ ದಾಟಿದರೂ ಮುಗಿಯುವುದಿಲ್ಲ. ಸಂಜೆ ಆದಮೇಲೆ ಹೆಂಗಸರು ಗಂಡಸರು ಎಲ್ಲಾ ಅಂಗಳದಲ್ಲಿ ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಕೂರುತ್ತಾರೆ. ಮೇಲೆ ಚಪ್ಪರ, ಚಪ್ಪರಕ್ಕೆ ಒಂದೇ ಒಂದು ಬಲ್ಬು. ಸಿಪ್ಪೆ ರಾಶಿ ಒಂದು ಕಡೆ, ಬೇಳೆ ಬೀಳುವ ಬುಟ್ಟಿ ಇನ್ನೊಂದು ಕಡೆ. ಕಾಯನ್ನು ಕತ್ತಿಗೆ ಒತ್ತಿ, ಒಂದು ತಿರುವು ತಿರುಗಿಸಿ, ಸಿಪ್ಪೆ ಆಚೆ ಎಸೆದು, ಮುಂದಿನ ಕಾಯಿ ತೊಗೊಂಡಿರುತ್ತಾರೆ, ಕೈ ಕಡೆ ನೋಡೋದೇ ಇಲ್ಲ, ಕಣ್ಣು ಎದುರಿಗೆ ಕೂತು ಹರಟೆ ಹೊಡೆಯುತ್ತಿರುವವರ ಮೇಲೆ. ಆ ಮುಖಗಳು ಎಷ್ಟು ಚೆಂದ ಇರುತ್ತವೆ ಅಂದ್ರೆ, ಅರ್ಧ ಬೆಳಕು, ಅರ್ಧ ನೆರಳು, ಬಾಯ್ತುಂಬ ಎಲೆಅಡಿಕೆ ಕವಳ, ನಗು.

ಫ್ಲಾಶ್ ಹೊಡೆದರೆ ಅಷ್ಟೂ ಹೋಯ್ತು. ಮುಖ ಬೆಳ್ಳಗೆ, ಹಿಂದೆ ಕಪ್ಪು ಗೋಡೆ, ಮಾತು ಅಲ್ಲೇ ನಿಂತುಹೋಗುತ್ತದೆ. ಈ ಲೆನ್ಸಿನಲ್ಲಿ ಎಫ್ 2 ಇಟ್ಟು, ಶಟರ್ ಸೆಕೆಂಡಿನ 1/100 ಇಟ್ಟು, ಐಎಸ್‌ಒ 1600ರಲ್ಲಿ ತೆಗೆಯಬಹುದು. ಐಎಸ್‌ಒ ಅಂದ್ರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಅಂಕಿ. ಅದೇ ಬಲ್ಬಿನ ಕೆಳಗೆ ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್ ಹಾಕಿ 50 ಎಂಎಂಗೆ ಜೂಮ್ ಮಾಡಿದರೆ ಅಪರ್ಚರ್ 5.6ಕ್ಕೆ ಹೋಗಿ ನಿಲ್ಲುತ್ತದೆ. ಆಗ ಐಎಸ್‌ಒ 12800 ಬೇಕು. 1500ಡಿಯಲ್ಲಿ ಮಾಮೂಲಿಯಾಗಿ ಸಿಗುವುದೇ 6400ರವರೆಗೆ, 12800 ಅನ್ನೋದು ಎಳೆದು ಕೊಡುವ ಕೊನೆಯ ಮೆಟ್ಟಿಲು. ಅಲ್ಲಿ ಮುಖದ ಮೇಲೆ ಬರೀ ಕಾಳು ಕಾಳು. 1/100 ಯಾಕೆ ಅಂದ್ರೆ, ನಮ್ಮ ಕರೆಂಟು 50 ಹರ್ಟ್ಸ್, ಕೆಲವು ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಅದಕ್ಕೆ ಹೊಂದುವ 1/50 ಅಥವಾ 1/100 ಇಟ್ಟರೆ ಫೋಟೋ ಮೇಲೆ ಅಡ್ಡ ಪಟ್ಟಿ ಬರುವುದಿಲ್ಲ. ಇನ್ನೊಂದು ಲಾಭವೂ ಇದೆ. 1/100ರಲ್ಲಿ ಮುಖ ಸ್ಪಷ್ಟ ಬಂದು, ಕಾಯಿ ತಿರುಗಿಸುವ ಕೈ ಮಾತ್ರ ಒಂಚೂರು ಅಲುಗಿದ ಹಾಗೆ ಬರುತ್ತದೆ. ಕೆಲಸ ನಡೀತಾ ಇದೆ ಅಂತ ನೋಡಿದವರಿಗೆ ಗೊತ್ತಾಗುತ್ತದೆ. ನನಗೆ ಅದೇ ಇಷ್ಟ.

ಅಲ್ಲೇ ಒಬ್ಬರು ಅಜ್ಜಿ ಸುಲಿಯೋದಕ್ಕೆ ಬರುತ್ತಿದ್ದರು. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಅವರದೇ ಫೋಟೋ ತೋರಿಸಿದೆ. ಚೊಗರು ಹತ್ತಿ ಕಪ್ಪಾದ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಪರದೆ ಮುಟ್ಟದೇ ಬಗ್ಗಿ ನೋಡಿದರು. ಆಮೇಲೆ ಹೇಳಿದರು, "ಇದನ್ನ ದೊಡ್ಡದು ಮಾಡಿ ಕೊಡು ತಮ್ಮಾ. ನಾ ಸತ್ತಮೇಲೆ ಗೋಡೆಗೆ ಹಾಕೋಕೆ ಒಂದ್ ಫೋಟ ಇಲ್ಲ." ಪಕ್ಕದಲ್ಲಿದ್ದವರು "ಏ ಸುಮ್ನಿರೇ" ಅಂತ ನಕ್ಕರು. ಅಜ್ಜಿ ನಗಲಿಲ್ಲ, ನಿಜವಾಗಿಯೇ ಹೇಳಿದ್ದು.

ಆ ಮಾತು ಕೇಳಿದ ಮೇಲೆ ನಾನು ಊರಿನ ಮನೆಗಳ ಗೋಡೆ ನೋಡೋಕೆ ಶುರು ಮಾಡಿದೆ. ನೀವೂ ನೋಡಿ. ತೀರಿಕೊಂಡ ಹಿರಿಯರ ಫೋಟೋ ಅಂತ ಹಾರ ಹಾಕಿರುವುದರಲ್ಲಿ ಎಷ್ಟೋ ಯಾವುದೋ ಮದುವೆಯ ಗುಂಪು ಫೋಟೋದಿಂದ ತಲೆ ಮಾತ್ರ ಕತ್ತರಿಸಿ ದೊಡ್ಡದು ಮಾಡಿದ್ದು. ಇನ್ನು ಕೆಲವು ಆಧಾರ್ ಕಾರ್ಡಿನದ್ದು. ಜೀವಮಾನವಿಡೀ ತೋಟದಲ್ಲಿ ದುಡಿದ ಮನುಷ್ಯನಿಗೆ ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ಕೋಟು ತೊಡಿಸಿ, ಹಿಂದೆ ನೀಲಿ ಪರದೆ ಹಾಕಿರುತ್ತಾರೆ. ಮನೆಯವರಿಗೆ ಬೇರೆ ದಾರಿ ಇರಲಿಲ್ಲ, ಸಿಕ್ಕಿದ್ದೇ ಅದು. ಪ್ರತಿ ಮನೆಯಲ್ಲೂ ಎರಡು ಮೂರು ಮೊಬೈಲ್ ಇವೆ, ಸಾವಿರಾರು ಫೋಟೋ ಇವೆ. ಆದರೆ ಅಜ್ಜ ಅಜ್ಜಿ ಅದರಲ್ಲಿ ಮೂಲೆಯಲ್ಲೆಲ್ಲೋ ಇರುತ್ತಾರೆ, ಮೊಬೈಲ್ ಹಾಳಾದರೆ ಅದೂ ಹೋಯ್ತು.

ಆಗ ನನಗೆ ಕೆಲಸ ಸಿಕ್ಕಿತು ಅಂತಲೇ ಹೇಳಬೇಕು. ಅಲ್ಲಿಯವರೆಗೆ ಫೋಟೋ ತೆಗೆದು ಹಾಕುತ್ತಿದ್ದೆ, ಗೆಳೆಯರು ಲೈಕ್ ಒತ್ತುತ್ತಿದ್ದರು, ಮರುದಿನ ನನಗೇ ಅದು ನೆನಪಿರುತ್ತಿರಲಿಲ್ಲ. ಈಗ ಊರಿನ ಹಿರಿಯರದ್ದು ಒಬ್ಬೊಬ್ಬರದ್ದೇ ತೆಗೆಯುತ್ತೇನೆ. ಅವರು ದಿನಾ ಕೂರುವ ಜಾಗದಲ್ಲಿ, ದಿನಾ ಉಡುವ ಬಟ್ಟೆಯಲ್ಲಿ, ಮಾಡುವ ಕೆಲಸ ಮಾಡುತ್ತಿರುವಾಗ. ಒಂದು ಪ್ರಿಂಟ್ ಅವರಿಗೆ, ಒಂದು ನನ್ನ ಹತ್ತಿರ, ಹಿಂದೆ ಪೆನ್ಸಿಲಿನಲ್ಲಿ ಹೆಸರು ಮತ್ತು ತಾರೀಖು. ದುಡ್ಡು ತೊಗೊಳ್ಳೋದಿಲ್ಲ. ಸುಲಿಯುವ ಯಂತ್ರ ಈಗ ನಮ್ಮ ಕಡೆ ಮನೆ ಮನೆಗೆ ಬಂದಿದೆ, ಬರಲಿ, ಬೆನ್ನು ನೋವು ತಪ್ಪುತ್ತದೆ. ಆದರೆ ಹಾಗೆ ಸಾಲಾಗಿ ಕೂತ ರಾತ್ರಿಗಳು ಕಮ್ಮಿಯಾಗುತ್ತಿವೆ. ಅದನ್ನು ಯಾರಾದರೂ ತೆಗೆದಿಡಬೇಕು ಅಲ್ವಾ? ಹೊರಗಿನಿಂದ ಯಾರೋ ಬಂದು ತೆಗೆಯುವುದಕ್ಕಿಂತ, ಅಲ್ಲೇ ಹುಟ್ಟಿದವರು ತೆಗೆಯುವುದು ಒಳ್ಳೆಯದು. ಯಾರ ಜೊತೆ ಯಾರು ಕೂರುತ್ತಾರೆ, ಯಾರು ಹಾಡು ಹೇಳುತ್ತಾರೆ, ಯಾರಿಗೆ ಫೋಟೋ ಅಂದ್ರೆ ಆಗಲ್ಲ, ಎಲ್ಲಾ ನಮಗೆ ಗೊತ್ತಿರುತ್ತದೆ.

ಕರ್ನಾಟಕದಲ್ಲಿ ಫೋಟೋಗ್ರಫಿ ಹವ್ಯಾಸ ಅಂದ್ರೆ ಹಕ್ಕಿ, ಹುಲಿ ಅಂತಲೇ ಆಗಿದೆ. ಅದಕ್ಕೆ ಕಾರಣವೂ ಇದೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅಂಥವರು ಕಾಡಿನ ಫೋಟೋಗ್ರಫಿಗೆ ಇಲ್ಲಿ ದೊಡ್ಡ ಹೆಸರು ತಂದುಕೊಟ್ಟವರು. ನನಗೂ ಗೌರವ ಇದೆ. ಆದರೆ ಆ ದಾರಿಗೆ ಉದ್ದದ ಲೆನ್ಸ್ ಬೇಕು, ಸಫಾರಿ ಬೇಕು, ರಜೆ ಬೇಕು. ಈ 50 ಎಂಎಂ ದಾರಿಗೆ ಬೇಕಾಗಿದ್ದು ಪಕ್ಕದ ಮನೆಗೆ ಹೋಗಿ ಕಾಫಿ ಕುಡಿಯುವಷ್ಟು ಹೊತ್ತು.

ಬಳಸುವ ರೀತಿ ಬಗ್ಗೆ ಹೇಳಬೇಕು. 50 ಎಂಎಂ ಅಂದ್ರೆ ಕಣ್ಣಿಗೆ ಕಂಡ ಹಾಗೆ ಅಂತ ಬಹಳ ಜನ ಹೇಳುತ್ತಾರೆ. ಫ್ರಾನ್ಸಿನ ಹೆಸರಾಂತ ಫೋಟೋಗ್ರಾಫರ್ ಆನ್ರಿ ಕಾರ್ತಿಯೇ ಬ್ರೆಸೋನ್ ಬದುಕಿನ ಹೆಚ್ಚಿನ ಫೋಟೋ ತೆಗೆದಿದ್ದು 50 ಎಂಎಂನಲ್ಲೇ, ನಿಜ. ಆದರೆ ಅದು ಫಿಲ್ಮ್ ಅಥವಾ ಫುಲ್ ಫ್ರೇಮ್ (ಫಿಲ್ಮಿನಷ್ಟೇ ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾದ ಮಾತು. 1500ಡಿ, 200ಡಿ ಥರದ ಕ್ಯಾಮೆರಾಗಳ ಸೆನ್ಸರ್ ಚಿಕ್ಕದು, 1.6ರಿಂದ ಗುಣಿಸಬೇಕು. ಅಲ್ಲಿಗೆ ಇದು 80 ಎಂಎಂ ಥರ ಕೆಲಸ ಮಾಡುತ್ತದೆ, ಅಂದ್ರೆ ಫೋಟೋದಲ್ಲಿ ಹಿಡಿಯುವ ಜಾಗ ಕಮ್ಮಿ. ಒಬ್ಬರ ಅರ್ಧ ಮೈ ಬರಬೇಕಾದರೆ ಸುಮಾರು ಎರಡು ಮೀಟರ್ ದೂರ ಬೇಕು, ಕಾಲಿನವರೆಗೆ ಪೂರ್ತಿ ಬರಬೇಕಾದರೆ ನಾಲ್ಕು ಮೀಟರ್. ಜಗಲಿಯಲ್ಲಿ ಆಗುತ್ತದೆ, ಅಡುಗೆ ಮನೆಯಲ್ಲಿ ಬೆನ್ನು ಗೋಡೆಗೆ ತಾಗುತ್ತದೆ. ಗುಂಪು ಫೋಟೋಕ್ಕೆ ಕಿಟ್ ಲೆನ್ಸೇ ಸರಿ.

ಎರಡು ಮೀಟರ್ ದೂರ ಅನ್ನೋದು ಮಾತಾಡುವ ದೂರ, ಇದು ಮುಖ್ಯ. ದೂರದಿಂದ ಗೊತ್ತಾಗದ ಹಾಗೆ ಕದ್ದು ತೆಗೆಯೋಕೆ ಈ ಲೆನ್ಸ್ ಬಿಡುವುದಿಲ್ಲ, ಹೋಗಿ ಎದುರಿಗೆ ಕೂರಲೇಬೇಕು. "ಊಟ ಆಯ್ತಾ ಅಜ್ಜಾ" ಅನ್ನಲೇಬೇಕು. ಮೊದಲ ಹತ್ತು ನಿಮಿಷ ಎಲ್ಲರೂ ಮೈ ಸೆಟೆದುಕೊಂಡು ಪಾಸ್‌ಪೋರ್ಟ್ ಫೋಟೋಕ್ಕೆ ಕೂತ ಹಾಗೆ ಕೂರುತ್ತಾರೆ. ಆಗ ಕ್ಯಾಮೆರಾನ ತೊಡೆ ಮೇಲೆ ಇಟ್ಟುಕೊಂಡು ಈ ವರ್ಷ ಕೊಳೆ ರೋಗ ಹೇಗಿದೆ, ರೇಟು ಎಷ್ಟಾಯ್ತು ಅಂತ ಕೇಳಿ. ಆಮೇಲೆ ಅವರೇ ನಿಮ್ಮನ್ನು ಮರೆಯುತ್ತಾರೆ.

ಎಫ್ 1.8 ಇದೆ ಅಂತ ಯಾವಾಗಲೂ 1.8ರಲ್ಲೇ ತೆಗೆಯಬೇಡಿ. ಒಂದು ಮೀಟರ್ ದೂರದಲ್ಲಿ 1.8 ಇಟ್ಟರೆ ಫೋಕಸ್‌ನಲ್ಲಿ ಇರುವ ಜಾಗ ಮೂರು ಸೆಂಟಿಮೀಟರ್ ಕೂಡ ಇರುವುದಿಲ್ಲ. ಕಣ್ಣು ಸ್ಪಷ್ಟ, ಕಿವಿ ಮಬ್ಬು. ವಯಸ್ಸಾದವರ ಮುಖದ ಗೆರೆಗಳೆಲ್ಲಾ ಬರಬೇಕು ಅಂದ್ರೆ 2.8 ಅಥವಾ 4 ಇಡಿ. ಅಲ್ಲಿ ಈ ಲೆನ್ಸ್ ಬಹಳ ಶಾರ್ಪ್. ಹಗಲು ಬಾಗಿಲ ಪಕ್ಕ ಕೂರಿಸಿ 2.8ರಲ್ಲಿ ತೆಗೆದ ಫೋಟೋದಲ್ಲಿ ಮೂಗುತಿಯ ಕಲ್ಲಿನಲ್ಲಿ ಅಂಗಳದ ಬೆಳಕು ಕಾಣುತ್ತದೆ. ಸುಮ್ನೆ ಹೊಗಳುತ್ತಿಲ್ಲ.

ಪ್ರಿಂಟ್ ಹಾಕಿಸದೇ ಇದ್ದರೆ ಇಷ್ಟೆಲ್ಲಾ ಮಾಡಿ ಅರ್ಧ ಕೆಲಸ ಆದ ಹಾಗೆ. 24 ಮೆಗಾಪಿಕ್ಸೆಲ್ ಫೋಟೋ 12 ಇಂಚು, 8 ಇಂಚಿನ ಪ್ರಿಂಟಿಗೆ ಧಾರಾಳ ಸಾಕು, ಇನ್ನೂ ದೊಡ್ಡದಕ್ಕೂ ಆಗುತ್ತದೆ. ಕ್ಯಾಮೆರಾ ಫೋಟೋದ ಅಳತೆ 3ಕ್ಕೆ 2. ಹಾಗಾಗಿ 4 ಇಂಟು 6, 8 ಇಂಟು 12 ಹಾಕಿಸಿದರೆ ಏನೂ ಕತ್ತರಿಸಿ ಹೋಗುವುದಿಲ್ಲ. 5 ಇಂಟು 7, 8 ಇಂಟು 10 ಹಾಕಿಸಿದರೆ ಒಂದು ಬದಿ ಹೋಗುತ್ತದೆ, ಅದನ್ನು ತೆಗೆಯುವಾಗಲೇ ನೆನಪಿಟ್ಟುಕೊಂಡು ತಲೆ ಮೇಲೆ ಜಾಗ ಬಿಡಿ. ಸ್ಟುಡಿಯೋದವರಿಗೆ "ಮುಖ ಬೆಳ್ಳಗೆ ಮಾಡಬೇಡಿ, ಹಾಗೇ ಹಾಕಿ" ಅಂತ ಸ್ಪಷ್ಟವಾಗಿ ಹೇಳಿ. ಕೇಳದಿದ್ದರೂ ಬೆಳ್ಳಗೆ ಮಾಡಿಕೊಡೋದು ಎಲ್ಲಾ ಕಡೆ ರೂಢಿ. ಗೋಡೆಗೆ ಅಂತ ಕೊಡುವುದಾದರೆ ಹೊಳೆಯುವ ಗ್ಲಾಸಿ ಪೇಪರಿಗಿಂತ ಹೊಳಪಿಲ್ಲದ ಮ್ಯಾಟ್ ಪೇಪರ್ ಒಳ್ಳೆಯದು, ಕಟ್ಟು ಹಾಕಿಸುವಾಗ ಫೋಟೋ ನೇರ ಗಾಜಿಗೆ ಅಂಟದ ಹಾಗೆ ನಡುವೆ ರಟ್ಟಿನ ಅಂಚು ಹಾಕೋಕೆ ಹೇಳಿ. ಮಳೆಗಾಲದಲ್ಲಿ ತೇವ ಹಿಡಿದು ಗಾಜಿಗೆ ಅಂಟಿದರೆ ಬಿಡಿಸೋಕೆ ಆಗುವುದಿಲ್ಲ.

ಇನ್ನು ಲೆನ್ಸಿನ ಕೊರತೆಗಳು. ಅಲುಗಾಟ ತಡೆಯುವ ವ್ಯವಸ್ಥೆ ಇದರಲ್ಲಿ ಇಲ್ಲ, ಶಟರ್ 1/80ಕ್ಕಿಂತ ಕೆಳಗೆ ಹೋದರೆ ಮೊಣಕೈ ಎಲ್ಲಾದರೂ ಊರಲೇಬೇಕು. ಕತ್ತಲಲ್ಲಿ ಫೋಕಸ್ ಹಿಂದೆ ಮುಂದೆ ಹುಡುಕಾಡುತ್ತದೆ. 1500ಡಿಯಲ್ಲಿ ಒಂಬತ್ತು ಫೋಕಸ್ ಬಿಂದುಗಳಿವೆ, ಕತ್ತಲಲ್ಲಿ ನಡುವಿನದ್ದನ್ನೇ ನಂಬಿ. ಫೋಕಸ್ ರಿಂಗ್ ಮೋಟಾರಿನ ಮೂಲಕವೇ ಕೆಲಸ ಮಾಡುವುದು, ಕ್ಯಾಮೆರಾ ಆಫ್ ಇದ್ದಾಗ ತಿರುಗಿಸಿದರೆ ಏನೂ ಆಗುವುದಿಲ್ಲ. ಫೋಕಸ್ ಆಗುವಾಗ ಮುಂದಿನ ಕೊಳವೆ ಹೊರಗೆ ಬರುತ್ತದೆ, ಅದಕ್ಕೆ ಪೆಟ್ಟು ಬೀಳದ ಹಾಗೆ ಲೆನ್ಸಿನ ಮುಂದೆ ಒಂದು ಹುಡ್ (ಕವಚ) ಹಾಕಿಕೊಳ್ಳಿ. ವೀಡಿಯೋದಲ್ಲಿ ಮೋಟಾರಿನ ಸಣ್ಣ ಸದ್ದು ಸೇರುತ್ತದೆ. ಬಿಳಿ ಪಂಚೆ ಬಿಸಿಲಿನಲ್ಲಿ ಇದ್ದು 1.8ರಲ್ಲಿ ತೆಗೆದರೆ ಅಂಚಿನಲ್ಲಿ ನೇರಳೆ ಬಣ್ಣ ಕಾಣುತ್ತದೆ, 2.8ಕ್ಕೆ ಇಳಿಸಿದರೆ ಬಹುಪಾಲು ಹೋಗುತ್ತದೆ.

ಮಲೆನಾಡಿನವರಿಗೆ, ಕರಾವಳಿಯವರಿಗೆ ಇದನ್ನು ಬೇರೆಯಾಗಿಯೇ ಹೇಳಬೇಕು. ಈ ಲೆನ್ಸಿಗೆ ಮಳೆ ತಡೆಯುವ ರಬ್ಬರು ಏನೂ ಇಲ್ಲ. ನಮ್ಮ ಕಡೆ ಲೆನ್ಸಿಗೆ ದೊಡ್ಡ ಶತ್ರು ಫಂಗಸ್. ಬ್ಯಾಗಿನಲ್ಲಿ ಹಾಕಿ ಆಷಾಢದಲ್ಲಿ ಕಪಾಟಿನಲ್ಲಿ ಇಟ್ಟುಬಿಟ್ಟರೆ ಗಾಜಿನ ಒಳಗೆ ಬಿಳಿ ಎಳೆ ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಜೆಲ್ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಹಾಕಿ. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ. ಎಲ್ಲಕ್ಕಿಂತ ಒಳ್ಳೆಯದು ಆಗಾಗ ಹೊರಗೆ ತೆಗೆದು ಬಳಸುವುದು.

ಬೆಲೆ ಹತ್ತು ಸಾವಿರ ರೂಪಾಯಿ ಆಸುಪಾಸು, ಅಂಗಡಿಯಿಂದ ಅಂಗಡಿಗೆ ಹೆಚ್ಚು ಕಮ್ಮಿ ಇರುತ್ತದೆ. ಸೆಕೆಂಡ್ ಹ್ಯಾಂಡ್ ಸುಲಭವಾಗಿ ಸಿಗುತ್ತದೆ, ಅದೂ ಚೆನ್ನಾಗಿಯೇ ಇರುತ್ತದೆ. ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ, ಎಳೆ ಎಳೆಯಾಗಿ ಏನಾದರೂ ಕಂಡರೆ ಬೇಡ. ಮೌಂಟ್ ಲೋಹದ್ದಾ ನೋಡಿ, ಪ್ಲಾಸ್ಟಿಕ್ ಇದ್ದರೆ ಅದು ಹಳೆಯ ಮಾದರಿ. ಕ್ಯಾನನ್ನಿನ ಹೊಸ ಮಿರರ್‌ಲೆಸ್ ಆರ್ ಸರಣಿ ಇಟ್ಟುಕೊಂಡವರಿಗೆ 2020ರಲ್ಲಿ ಬಂದ ಆರ್‌ಎಫ್ 50 ಎಂಎಂ ಎಫ್ 1.8 ಬೇರೆಯೇ ಇದೆ. ಇದನ್ನೇ ಹಾಕಬೇಕಾದರೆ ಅಡಾಪ್ಟರ್ ಬೇಕು. ನಿಕಾನ್ ಡಿ3500 ಥರದ ಕ್ಯಾಮೆರಾ ಇದ್ದವರು 50 ಎಂಎಂ ಎಫ್ 1.8 ಜಿ ಅನ್ನೋದನ್ನು ಕೇಳಿ ತೊಗೊಳ್ಳಿ. ಹಳೆಯ ಡಿ ಮಾದರಿ ಅಗ್ಗಕ್ಕೆ ಸಿಗುತ್ತದೆ, ಆದರೆ ಆ ಕ್ಯಾಮೆರಾಗಳಲ್ಲಿ ಫೋಕಸ್ ಮೋಟಾರ್ ಇಲ್ಲದ್ದರಿಂದ ಆಟೋ ಫೋಕಸ್ ಆಗುವುದಿಲ್ಲ. ಮನೆ ಚಿಕ್ಕದು, ದೂರ ಸಿಗಲ್ಲ ಅನ್ನುವವರು ಕ್ಯಾನನ್ನಿನ 24 ಎಂಎಂ ಎಫ್ 2.8 ಎಸ್‌ಟಿಎಂ ನೋಡಬಹುದು, ಇನ್ನೂ ಹಗುರ, 125 ಗ್ರಾಂ.

ಯಾವುದೇ ತೊಗೊಂಡರೂ ಪ್ರಿಂಟಿಗೆ ಅಂತ ಸ್ವಲ್ಪ ದುಡ್ಡು ಬದಿಗಿಟ್ಟುಕೊಂಡೇ ತೊಗೊಳ್ಳಿ. ಮೊದಲ ಪ್ರಿಂಟು ನಿಮ್ಮ ಮನೆಯಲ್ಲೇ ಯಾರಿಗೆ ಒಳ್ಳೆಯ ಫೋಟೋ ಇಲ್ಲವೋ ಅವರದ್ದಾಗಲಿ.