ಪಾಯಿಂಟ್, ರೆಡಿಮೇಡ್ ಕಿಟ್, ಪ್ರೋಗ್ರಾಂ ಬಾಕ್ಸ್: ಅಪ್ಪನ ಬುಲೆಟ್‌ಗೆ ಮೂರನ್ನೂ ಹಾಕಿ ನೋಡಿದೆ

ಕಿಕ್ಕರ್ ವಾಪಸ್ ಹೊಡೆದು ನನ್ನ ಕಾಲಿನ ಗಿಣ್ಣು ಊದಿಕೊಂಡ ದಿನ ಇದೆಲ್ಲ ಶುರುವಾಯಿತು. ಡಿಸೆಂಬರ್ ತಿಂಗಳು, ಕಾಫಿ ಕುಯ್ಲಿನ ಹೊತ್ತು. ಚಿಕ್ಕಮಗಳೂರಿನಿಂದ ಆಲ್ದೂರಿನ ಕಡೆ ಹೊರಟಿದ್ದೆ. ಬೈಕು ಅಪ್ಪನದು. ಹಳೆ ಕ್ಯಾಸ್ಟ್ ಐರನ್ ಎಂಜಿನ್ನಿನ ಬುಲೆಟ್, 346 ಸಿಸಿ, ನಾಲ್ಕು ಗೇರು, ಗೇರು ಬಲಗಡೆ, ಬ್ರೇಕು ಎಡಗಡೆ. ಕಾಲಿಗೆ ಐಸ್ ಇಟ್ಟುಕೊಂಡು ಕೂತಾಗಲೇ ತೀರ್ಮಾನ ಮಾಡಿದೆ, ಈ ಇಗ್ನಿಷನ್‌ಗೆ, ಅಂದರೆ ಕಿಡಿ ಹಾರಿಸುವ ವ್ಯವಸ್ಥೆಗೆ, ಒಂದು ಗತಿ ಕಾಣಿಸಬೇಕು ಅಂತ.

ಆಮೇಲೆ ಸುಮಾರು ಎರಡು ವರ್ಷ, ಒಂದೇ ಬೈಕಿನಲ್ಲಿ ಮೂರು ಥರದ ಇಗ್ನಿಷನ್ ಓಡಿಸಿದೆ. ಮಾರುಕಟ್ಟೆಯಲ್ಲಿ ಹೆಸರುಗಳು ಬೇಕಾದಷ್ಟಿವೆ. ಇಂಗ್ಲೆಂಡಿನ ಬೋಯರ್ ಬ್ರಾನ್ಸ್‌ಡೆನ್, ನ್ಯೂಜಿಲೆಂಡಿನ ಪೇಜನ್, ಚೆಕ್ ದೇಶದ ಇಗ್ನಿಟೆಕ್ ಹೀಗೆ. ನಾನು ಹಾಕಿಸಿದ್ದು ಇವುಗಳಲ್ಲಿ ಯಾವುದಾದರೂ ಇತ್ತಾ ಇಲ್ಲವಾ ಅಂತ ಹೇಳುವುದಿಲ್ಲ. ನನಗೆ ಬಂದ ತೊಂದರೆ ಒಂದು ಪೀಸಿನದು, ಅರ್ಧ ನನ್ನ ಕೈಯದು.

ಮೊದಲು ಪಾಯಿಂಟ್, ಅಂದರೆ ತೆರೆದು ಮುಚ್ಚಿ ಕಿಡಿ ಹಾರಿಸುವ ಪುಟ್ಟ ಸ್ವಿಚ್. ಇದನ್ನು ಬೈಯುವುದು ಸುಲಭ. ಆದರೆ ನನ್ನ ಕಾಲಿಗೆ ಹೊಡೆದದ್ದು ಪಾಯಿಂಟ್ ಅಲ್ಲವೇ ಅಲ್ಲ, ಪಾಯಿಂಟ್ ಕೂರುವ ಡಿಸ್ಟ್ರಿಬ್ಯೂಟರ್ ಒಳಗಿನ ಆಟೋ ಅಡ್ವಾನ್ಸ್, ಅಂದರೆ ಎಂಜಿನ್ ವೇಗ ಏರಿದಂತೆ ಕಿಡಿಯನ್ನು ಬೇಗ ಹಾರಿಸುವ ಭಾಗ. ಅದರ ಸಣ್ಣ ಸ್ಪ್ರಿಂಗ್‌ಗಳು ಎಳೆದುಹೋಗಿದ್ದವು. ತೂಕದ ತುಂಡುಗಳು ತಮ್ಮ ಜಾಗಕ್ಕೆ ವಾಪಸ್ ಬರುತ್ತಿರಲಿಲ್ಲ. ಅಂದರೆ ಕಿಕ್ ಹೊಡೆಯುವಾಗಲೂ ಎಂಜಿನ್ ಜೋರಾಗಿ ಓಡುತ್ತಿರುವಾಗಿನ ಟೈಮಿಂಗೇ (ಕಿಡಿ ಹಾರುವ ಹೊತ್ತು). ಪಿಸ್ಟನ್ ಮೇಲೆ ಬರುವ ಬಹಳ ಮೊದಲೇ ಕಿಡಿ ಹಾರಿದರೆ ಅದು ಸುಮ್ನೆ ಬಿಡುತ್ತಾ?

ಹೊಸ ಸ್ಪ್ರಿಂಗ್ ಹಾಕಿ, ಗ್ಯಾಪ್ 0.35 ಮಿಮೀ ಇಟ್ಟು, ಪಾಯಿಂಟ್ ನಡುವೆ ಸಿಗರೇಟ್ ಪೇಪರ್ ಸಿಕ್ಕಿಸಿ ನಮ್ಮ ಮೆಕ್ಯಾನಿಕ್ ಟೈಮಿಂಗ್ ಕೂರಿಸಿದರು. ಪಿಸ್ಟನ್ ಮೇಲಿನ ತುದಿಗೆ 0.8 ಮಿಮೀ ಇರುವಾಗ ಪೇಪರ್ ಜಾರಬೇಕು. ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಶಾಫ್ಟ್) ತಿರುಗುವ ಡಿಗ್ರಿ ಲೆಕ್ಕದಲ್ಲಿ ಸುಮಾರು ಹತ್ತು. ಬೈಕು ಎರಡನೇ ಕಿಕ್ಕಿಗೆ ಎದ್ದಿತು. "ನಿಮ್ಮಪ್ಪ ಇಪ್ಪತ್ತು ವರ್ಷ ಇದರಲ್ಲೇ ಓಡಿಸಿದ್ರು, ನಿಮಗೇನ್ರೀ ಕಮ್ಮಿ?" ಅಂದರು.

ಕಮ್ಮಿ ಏನಂದರೆ, ಪಾಯಿಂಟಿನ ಹಿಮ್ಮಡಿ, ಅದನ್ನು ತೆರೆಸುವ ಕ್ಯಾಮ್ ಮೇಲೆ ಉಜ್ಜಿ ಉಜ್ಜಿ ಸವೆಯುತ್ತದೆ. ಗ್ಯಾಪ್ ಕಿರಿದಾಗುತ್ತದೆ, ಟೈಮಿಂಗ್ ಹಿಂದೆ ಸರಿಯುತ್ತದೆ. ಎರಡು ಮೂರು ಸಾವಿರ ಕಿಲೋಮೀಟರಿಗೊಮ್ಮೆ ಮುಚ್ಚಳ ಬಿಚ್ಚಲೇಬೇಕು. ನಮ್ಮ ಕಡೆಯ ಮಳೆಗಾಲದಲ್ಲಿ ಆ ಮುಚ್ಚಳದೊಳಗೆ ತೇವ ಕೂರುತ್ತದೆ. ಆದರೆ ಕರ್ಚೀಫಿನಲ್ಲಿ ಒರೆಸಿದರೆ ಮುಗಿಯಿತು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಎರಡನೆಯದು ರೆಡಿಮೇಡ್ ಎಲೆಕ್ಟ್ರಾನಿಕ್ ಕಿಟ್. ಪಾಯಿಂಟ್ ಜಾಗದಲ್ಲಿ ಆಯಸ್ಕಾಂತ ಮತ್ತು ಅದು ಹಾದುಹೋದದ್ದನ್ನು ಗುರುತಿಸುವ ಪಿಕಪ್ ಬರುತ್ತದೆ. ಆಟೋ ಅಡ್ವಾನ್ಸ್ ತೆಗೆದು ಬಿಸಾಡಬಹುದು, ಅದರ ಕೆಲಸವನ್ನು ಬಾಕ್ಸ್ ಮಾಡುತ್ತದೆ. ಒಂದು ಮಧ್ಯಾಹ್ನದಲ್ಲಿ ಕೂರಿಸಿದೆ. ಐಡಲ್ ಎಷ್ಟು ಚೆನ್ನಾಗಿ ಬಂತೆಂದರೆ ಗೇಟಿನ ಹತ್ತಿರ ನಿಲ್ಲಿಸಿಕೊಂಡು ಸುಮ್ನೆ ಕೇಳುತ್ತಾ ನಿಂತಿದ್ದೆ.

ಸುಖ ಎರಡು ತಿಂಗಳು. ಬ್ಯಾಟರಿ ಹಳೆಯದಾಗಿತ್ತು. ವೋಲ್ಟೇಜ್ ಇಳಿದಾಗ ಈ ಬಾಕ್ಸಿಗೆ ತಲೆ ತಿರುಗಿ ಕಿಡಿಯನ್ನು ಬೇಗ ಹಾರಿಸಿತು. ಮತ್ತೆ ಅದೇ ಕಾಲು, ಅದೇ ಗಿಣ್ಣು. ಪಾಯಿಂಟ್ ಇದ್ದಾಗ ಸೊರಗಿದ ಬ್ಯಾಟರಿಯಲ್ಲೂ ಹೇಗೋ ನಡೆಯುತ್ತಿತ್ತು. ಇನ್ನೊಂದು ಬೇಜಾರು ಹಳೆ ಬುಲೆಟ್‌ನವರಿಗೆ ಮಾತ್ರ ಅರ್ಥವಾಗುವಂಥದ್ದು. ಪಾಯಿಂಟ್ ಮುಚ್ಚಿದಾಗ ಆಂಪ್ ಮೀಟರ್ ಮುಳ್ಳು ಎಡಕ್ಕೆ ವಾಲುತ್ತದೆ, ತೆರೆದಾಗ ನಡುವಿಗೆ ಬರುತ್ತದೆ. ಅದನ್ನು ನೋಡಿಕೊಂಡು ಡಿಕಂಪ್ರೆಸರ್ (ಸಿಲಿಂಡರಿನ ಒತ್ತಡ ಬಿಡುವ ಲಿವರ್) ಹಿಡಿದು ಪಿಸ್ಟನ್ ದಾಟಿಸಿ ಕಿಕ್ ಹೊಡೆಯುವುದು ನಾವು ಕಲಿತ ಪಾಠ. ಕಿಟ್ ಹಾಕಿದ ಮೇಲೆ ಮುಳ್ಳು ಆ ಭಾಷೆ ಮಾತಾಡುವುದನ್ನು ಬಿಟ್ಟಿತು. ಕಾಲಿನಲ್ಲೇ ಕಂಪ್ರೆಷನ್ ಹುಡುಕಬೇಕು.

ಇವೆರಡನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಚಾರ್ಮಾಡಿಯಲ್ಲಿ ಸಿಕ್ಕಿತು. ಉಜಿರೆ ಕಡೆಯಿಂದ ಕೊಟ್ಟಿಗೆಹಾರಕ್ಕೆ ಹತ್ತುವಾಗ ಮೂರನೇ ಗೇರಿನಲ್ಲಿ, ಕಮ್ಮಿ ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಕೊಟ್ಟರೆ ಕಟಕಟ ನಾಕಿಂಗ್, ಕಿಡಿ ಅತಿ ಬೇಗ ಹಾರಿದಾಗ ಎಂಜಿನ್ ಮಾಡುವ ಸದ್ದು. ಕಿಟ್‌ನ ಅಡ್ವಾನ್ಸ್ ಬಹಳ ಬೇಗ ಏರುತ್ತಿತ್ತು. ಪಿಕಪ್ ಕೂತ ಪ್ಲೇಟ್ ತಿರುಗಿಸಿ ಟೈಮಿಂಗ್ ಹಿಂದಿಟ್ಟೆ. ನಾಕಿಂಗ್ ಹೋಯಿತು, ಜೊತೆಗೆ ಮೇಲಿನ ಎಳೆತವೂ ಹೋಯಿತು. ಪ್ಲೇಟ್ ತಿರುಗಿಸಿದರೆ ಇಡೀ ಕರ್ವ್ (ಯಾವ ವೇಗಕ್ಕೆ ಎಷ್ಟು ಅಡ್ವಾನ್ಸ್ ಅನ್ನುವ ಲೆಕ್ಕ) ಒಟ್ಟಿಗೇ ಸರಿಯುತ್ತದೆ. ಕೆಳಗೊಂದು, ಮೇಲೊಂದು ಮಾಡಲು ಬರುವುದಿಲ್ಲ. ಮೂರನೆಯದರ ಆಸೆ ಹುಟ್ಟಿದ್ದು ಅಲ್ಲಿ.

ಪ್ರೋಗ್ರಾಂ ಬಾಕ್ಸ್ ಅಂದರೆ ಇಷ್ಟೇ. ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿದರೆ ಒಂದು ಟೇಬಲ್ ಕಾಣುತ್ತದೆ. ಒಂದು ಕಡೆ ಆರ್‌ಪಿಎಂ, ಇನ್ನೊಂದು ಕಡೆ ಡಿಗ್ರಿ. ನಮಗೆ ಬೇಕಾದ್ದು ಬರೆಯಬಹುದು. ಅಡುಗೆಮನೆ ಮುಂದಿನ ಜಗಲಿಯಲ್ಲಿ ಲ್ಯಾಪ್‌ಟಾಪ್ ಹಿಡಿದು ಬುಲೆಟ್ ಪಕ್ಕ ಕೂತವನನ್ನು ನೋಡಿ ಅಮ್ಮ, "ಅದಕ್ಕೂ ವರ್ಕ್ ಫ್ರಂ ಹೋಮಾ?" ಅಂದರು.

ಮೊದಲ ವಾರ ಪೂರ್ತಿ ಹಾಳು. ಬುಲೆಟ್‌ನ ಡಿಸ್ಟ್ರಿಬ್ಯೂಟರ್ ತಿರುಗುವುದು ಕ್ರ್ಯಾಂಕಿನ ಅರ್ಧ ವೇಗದಲ್ಲಿ. ಪಿಕಪ್ ಅಲ್ಲಿದ್ದರೆ, ಎಂಜಿನ್ 2000 ತಿರುಗುವಾಗ ಬಾಕ್ಸಿಗೆ ಕಾಣುವುದು 1000. ಡಿಗ್ರಿಯೂ ಹಾಗೇ, ಅಲ್ಲಿನ ಒಂದು ಡಿಗ್ರಿ ಕ್ರ್ಯಾಂಕಿನ ಎರಡು. ನಾನು ಕ್ರ್ಯಾಂಕಿನ ಅಂಕಿ ಬರೆದು ಕೂತಿದ್ದೆ. ಎಲ್ಲವನ್ನೂ ಅರ್ಧ ಮಾಡಿ ಬರೆದ ಮೇಲೆ ಬೈಕಿಗೆ ಬುದ್ಧಿ ಬಂತು. ಕೆಲವು ಬಾಕ್ಸ್‌ಗಳಲ್ಲಿ ಇದಕ್ಕೇ ಒಂದು ಸೆಟ್ಟಿಂಗ್ ಇರುತ್ತದೆ, ಕೊಳ್ಳುವ ಮೊದಲು ಕೇಳಿ.

ಎರಡನೇ ತಪ್ಪು ಪ್ಲಗ್ ಕ್ಯಾಪ್. ಹಳೆ ಕ್ಯಾಪಿನಲ್ಲಿ ರೆಸಿಸ್ಟರ್ ಇರಲಿಲ್ಲ. ಕಿಡಿಯ ವಿದ್ಯುತ್ ಗದ್ದಲಕ್ಕೆ ಬಾಕ್ಸ್ ಗಲಿಬಿಲಿಯಾಗಿ 3000 ದಾಟಿದರೆ ಕೆಮ್ಮುತ್ತಿತ್ತು. ನಾನು ಕಾರ್ಬ್ಯುರೇಟರ್ ಮೂರು ಸಲ ಬಿಚ್ಚಿದ್ದೆ! 5 ಕಿಲೋ ಓಮ್ ಕ್ಯಾಪ್ ಹಾಕಿದ ಮೇಲೆ ಕೆಮ್ಮು ನಿಂತಿತು. ಕಿಡಿಗೆ ಹೈ ವೋಲ್ಟೇಜ್ ಕೊಡುವ ಕಾಯಿಲ್ ಕೂಡ ಬಾಕ್ಸಿಗೆ ಹೊಂದಬೇಕು. ಸಿಡಿಐ (ಕೆಪಾಸಿಟರ್ ಮೂಲಕ ಕಿಡಿ ಕೊಡುವ ಬಗೆ) ಕಾಯಿಲನ್ನು ಬ್ಯಾಟರಿ ಕಾಯಿಲ್ ಬಾಕ್ಸಿಗೆ ಸಿಕ್ಕಿಸಿದರೆ ಎರಡರಲ್ಲಿ ಒಂದು ಸುಡಬಹುದು.

ಆಮೇಲೆ ಟೈಮಿಂಗ್ ಲೈಟ್, ಕಿಡಿ ಹಾರಿದಾಗಲೆಲ್ಲ ಮಿಂಚಿ ಟೈಮಿಂಗ್ ಗುರುತು ತೋರಿಸುವ ದೀಪ. ಇದಿಲ್ಲದೆ ಟೇಬಲ್ ಬರೆಯುವುದು ಕಣ್ಣು ಕಟ್ಟಿಕೊಂಡು ಕಾಫಿ ಹುರಿದ ಹಾಗೆ. ಪರದೆಯಲ್ಲಿ 14 ಡಿಗ್ರಿ ಅಂತ ಬರೆದರೆ ಕ್ರ್ಯಾಂಕಿನಲ್ಲಿ 28 ಇದ್ದೇ ಇದೆ ಅಂತಲ್ಲ. ಪಿಕಪ್ ಎಲ್ಲಿ ಕೂತಿದೆ ಅನ್ನುವುದು ಬಾಕ್ಸಿಗೆ ಸರಿಯಾಗಿ ಗೊತ್ತಿರಬೇಕು. ಲೈಟ್ ಹಿಡಿದಾಗ ಇನ್ನೊಂದು ಗುಟ್ಟು ಹೊರಬಿತ್ತು. ಗುರುತು ಒಂದೇ ಕಡೆ ನಿಲ್ಲದೆ ಎರಡು ಮೂರು ಡಿಗ್ರಿ ಒದ್ದಾಡುತ್ತಿತ್ತು. ಡಿಸ್ಟ್ರಿಬ್ಯೂಟರ್ ಗೇರಿನ ಸವೆತ ಅದು. ಎಷ್ಟು ದುಬಾರಿ ಬಾಕ್ಸ್ ಹಾಕಿದರೂ ಅದು ಹೋಗುವುದಿಲ್ಲ. ಪಿಕಪ್ ಅನ್ನು ಕ್ರ್ಯಾಂಕ್ ಮೇಲೇ ಕೂರಿಸಿದರೆ ಹೋಗುತ್ತದೆ, ನಾನು ಅಷ್ಟು ದೂರ ಹೋಗಲಿಲ್ಲ.

ಕೊನೆಗೆ ನನ್ನ ಬೈಕಿಗೆ ಕೂತದ್ದು, ಕ್ರ್ಯಾಂಕಿನ ಲೆಕ್ಕದಲ್ಲಿ: 700 ಆರ್‌ಪಿಎಂವರೆಗೆ 5 ಡಿಗ್ರಿ, 1500ಕ್ಕೆ 14, 2500ಕ್ಕೆ 23, 3300ರ ಮೇಲೆ 30. ಇದನ್ನು ಹಾಗೇ ನಕಲು ಮಾಡಬೇಡಿ, ನಿಮ್ಮ ಪಿಸ್ಟನ್ ಬೇರೆ, ಪೆಟ್ರೋಲ್ ಬೇರೆ. ಕಿಕ್ ಹೊಡೆಯುವಾಗ 5 ಡಿಗ್ರಿ ಇರುವುದರಿಂದ ಕಾಲಿಗೆ ಏಟು ಬಿದ್ದಿಲ್ಲ. ಚಾರ್ಮಾಡಿಯಲ್ಲಿ ಅದೇ ತಿರುವುಗಳು, ಅದೇ ಮೂರನೇ ಗೇರು, ನಾಕಿಂಗ್ ಇಲ್ಲ. ಟಾಪ್ ಸ್ಪೀಡ್ ಒಂದಿಷ್ಟೂ ಹೆಚ್ಚಲಿಲ್ಲ, ಮೈಲೇಜಿನಲ್ಲೂ ವ್ಯತ್ಯಾಸ ಕಾಣಲಿಲ್ಲ. ವೇಗಕ್ಕೆಂದು ಕೊಳ್ಳುವುದಾದರೆ ಬೇಡ, ದುಡ್ಡು ದಂಡ. ಇದರ ಲಾಭವೆಲ್ಲ ಕೆಳಗಿನ 2500 ಆರ್‌ಪಿಎಂನಲ್ಲೇ ಇದೆ.

ದುಡ್ಡಿನ ವಿಷಯ ಹೇಳುವುದಾದರೆ, ಪಾಯಿಂಟ್ ಸೆಟ್ ಒಂದು ಹೋಟೆಲ್ ಊಟದ ಲೆಕ್ಕ. ಉಳಿದೆರಡಕ್ಕೆ, ಸುಂಕ ಸೇರಿದರೆ, ಒಳ್ಳೆ ಟೈರ್ ಜೋಡಿಯೇ ಬರುತ್ತಿತ್ತು.

ಈಗ ಆ ಕರ್ಚೀಫ್. ಜುಲೈನಲ್ಲಿ ಬಾಳೂರು ದಾಟಿದ ಮೇಲೆ ಬಾಕ್ಸಿನ ಕನೆಕ್ಟರ್ ಒಳಗೆ ನೀರು ಹೋಗಿ ಎಂಜಿನ್ ಆಫ್. ಕತ್ತಲು, ಮಳೆ, ಜಿಗಣೆ. ಎಲ್ಲಿ ಒರೆಸುವುದು? ಮುಕ್ಕಾಲು ಗಂಟೆ ಅಂಗಡಿಯೊಂದರ ಶೀಟಿನ ಕೆಳಗೆ ಒಂದೊಂದೇ ವೈರ್ ಊದಿ ಒಣಗಿಸಿದೆ. ಈಗ ಕನೆಕ್ಟರುಗಳೆಲ್ಲ ಬಾಯಿ ಕೆಳಗೆ ಮಾಡಿ, ಗ್ರೀಸ್ ತುಂಬಿಸಿ, ಸೀಟಿನ ಕೆಳಗೆ ಕಟ್ಟಿದ್ದೇನೆ. ಪ್ರೋಗ್ರಾಂ ಬಾಕ್ಸೇ ಬೈಕಿನಲ್ಲಿ ಉಳಿದಿದೆ, ತೆಗೆಯುವ ಯೋಚನೆಯೂ ಇಲ್ಲ. ಆದರೆ ಟೂಲ್ ಬಾಕ್ಸಿನಲ್ಲಿ ಹಳೆ ಪಾಯಿಂಟ್ ಪ್ಲೇಟು, ಆಟೋ ಅಡ್ವಾನ್ಸು, ಒಂದು ಕಂಡೆನ್ಸರ್ ಇವೆ. ಎಲ್ಲಿ ಕೂರಬೇಕು ಅಂತ ಗೆರೆ ಗೀಚಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದೇನೆ. ಮನೆ ಶೆಡ್ಡಿನಲ್ಲಿ ಒಮ್ಮೆ ಬದಲಾಯಿಸಿ ನೋಡಿದೆ, ನಲವತ್ತು ನಿಮಿಷ ಹಿಡಿಯಿತು. ಸಿಗರೇಟ್ ಸೇದದ ನಾನು ಒಂದು ಪ್ಯಾಕೆಟ್ ಸಿಗರೇಟ್ ಯಾಕೆ ಇಟ್ಟುಕೊಂಡಿದ್ದೇನೆ ಅಂತ ಅಮ್ಮನಿಗೆ ಇನ್ನೂ ಅನುಮಾನ.