ಪಕ್‌ಪೀಡಿಯಾ: ಬಿಸಿತುಪ್ಪದಂಥ ಒಪ್ಪಂದ ದಾಟಿಸುವ ಲೆಕ್ಕಕ್ಕೆ ಎಷ್ಟು ಉಪಯೋಗ?

ಐಪಿಎಲ್ ಹರಾಜು ನೋಡಿ ಅಭ್ಯಾಸವಾದವರಿಗೆ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಸ್ಯಾಲರಿ ಕ್ಯಾಪ್, ಅಂದರೆ ತಂಡದ ಒಟ್ಟು ಸಂಬಳಕ್ಕೆ ಹಾಕಿದ ಮಿತಿ, ಮೊದಲಿಗೆ ತಲೆಗೆ ಹತ್ತುವುದಿಲ್ಲ. ಐಪಿಎಲ್‌ನಲ್ಲಿ ಆಟಗಾರನನ್ನು ಕೈಬಿಟ್ಟರೆ ಅವನ ಬೆಲೆ ತಂಡದ ಪರ್ಸಿಗೆ ವಾಪಸು ಬರುತ್ತದೆ. ಇಲ್ಲಿ ಹಾಗಲ್ಲ. ಏಳೋ ಎಂಟೋ ವರ್ಷಕ್ಕೆ ಸಹಿ ಬಿದ್ದರೆ, ಆಟ ಕೈಕೊಟ್ಟರೂ ಆ ಮೊತ್ತ ಸಾಮಾನ್ಯವಾಗಿ ಕೊನೆಯ ವರ್ಷದವರೆಗೂ ಲೆಕ್ಕದಲ್ಲಿ ಕೂತಿರುತ್ತದೆ. ಇಂಥದ್ದನ್ನು ಬೇರೆ ತಂಡದ ತಲೆಗೆ ಕಟ್ಟಲು ಸಾಧ್ಯವೇ ಎಂದು ನೋಡಲು ಮುಂಚೆ ಎಲ್ಲರೂ ಕ್ಯಾಪ್‌ಫ್ರೆಂಡ್ಲಿ ಎಂಬ ಜಾಲತಾಣ ತೆರೆಯುತ್ತಿದ್ದರು. 2024ರಲ್ಲಿ ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡವೇ ಅದನ್ನು ಕೊಂಡುಕೊಂಡಿತು, ಜುಲೈನಲ್ಲಿ ತಾಣ ಮುಚ್ಚಿತು. ಈಗ ಮಂಗಳೂರು, ಉಡುಪಿಯಲ್ಲಿ ಕೂತು ಫ್ಯಾಂಟಸಿ ಲೀಗ್ ಆಡುವವರಿಗೆ ಆಸರೆ ಪಕ್‌ಪೀಡಿಯಾ ತಾಣ.

ತಂಡದ ಪುಟ ತೆರೆದರೆ ಆಟಗಾರನಿಗೊಂದು ಸಾಲು, ವರ್ಷಕ್ಕೊಂದು ಕಾಲಂ. ಹೊಸಬರು ನೇರ ಮೊತ್ತಕ್ಕೆ ಕಣ್ಣು ಹಾಕುತ್ತಾರೆ. ಮೊದಲು ನೋಡಬೇಕಾದದ್ದು ಷರತ್ತು. ನೋ-ಮೂವ್ ಇದ್ದರೆ ಆಟಗಾರ ಹೂಂ ಅನ್ನದೆ ಅವನನ್ನು ಎಲ್ಲಿಗೂ ಕಳಿಸಲಾಗದು. ಸೀಮಿತ ನೋ-ಟ್ರೇಡ್ (ಟ್ರೇಡ್ ಅಂದರೆ ತಂಡಗಳ ನಡುವೆ ಆಟಗಾರರ ಅದಲುಬದಲು) ಇದ್ದರೆ ಎಷ್ಟು ತಂಡಗಳಿಗೆ ಬೇಡ ಅನ್ನಬಹುದು ಎಂಬ ಸಂಖ್ಯೆ ಸಿಗುತ್ತದೆ. ಯಾವ ತಂಡಗಳು ಎಂಬುದು ಸಾಮಾನ್ಯವಾಗಿ ಗುಟ್ಟು. ಇದನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ 2022ರ ಮಾರ್ಚ್ ಸಾಕ್ಷಿ: ವೇಗಸ್ ತಂಡ 50 ಲಕ್ಷ ಡಾಲರ್‌ನ ಎವ್ಗೆನಿ ದಾದೊನೊವ್‌ನನ್ನು ಅನಾಹೈಮ್‌ಗೆ ದಾಟಿಸಿತು. ಅನಾಹೈಮ್ ಅವನ ಬೇಡದ ಪಟ್ಟಿಯಲ್ಲಿತ್ತು, ಲೀಗ್ ಆ ವ್ಯವಹಾರವನ್ನೇ ರದ್ದು ಮಾಡಿತು. ತಂಡದ ಕಚೇರಿಯೇ ಎಡವಿದ ಜಾಗ ಇದು.

ಮುಂದಿನದು ರಿಟೆನ್ಶನ್, ಅಂದರೆ ಕಳಿಸುವ ತಂಡವೇ ಸಂಬಳದ ಒಂದು ಪಾಲು ಹೊರುವುದು. ಹೆಚ್ಚೆಂದರೆ ಶೇ 50. ಒಂದು ತಂಡಕ್ಕೆ ಏಕಕಾಲಕ್ಕೆ ಮೂರು ಒಪ್ಪಂದ ಮಾತ್ರ, ಒಂದೇ ಒಪ್ಪಂದಕ್ಕೆ ಎರಡು ಸಲ ಮಾತ್ರ. 60 ಲಕ್ಷ ಡಾಲರ್‌ನ ಆಟಗಾರ ಒಮ್ಮೆ ಅರ್ಧವಾದರೆ 30 ಲಕ್ಷ, ಮಧ್ಯದಲ್ಲಿ ಮೂರನೇ ತಂಡ ಬಂದರೆ 15 ಲಕ್ಷ. ಡೆಡ್‌ಲೈನ್ ದಿನ, ಅಂದರೆ ಋತುವಿನ ಟ್ರೇಡ್‌ಗೆ ಕೊನೆಯ ದಿನ, ಒಂದೇ ಏಟಿಗೆ ಹೀಗೆ ಮಾಡುತ್ತಿದ್ದರು. 2025-26ರಿಂದ ಎರಡು ರಿಟೆನ್ಶನ್‌ಗಳ ನಡುವೆ ಋತುವಿನ 75 ದಿನ ಕಳೆಯಬೇಕು, ಹಾಗಾಗಿ ಆ ಆಟ ಮುಗಿಯಿತು. ಹಳೆಯ ಟ್ರೇಡ್ ನೋಡಿ ಲೆಕ್ಕ ಹಾಕುವವರು ಇಲ್ಲೇ ತಪ್ಪುವುದು.

ಬೈಔಟ್ ಕ್ಯಾಲ್ಕುಲೇಟರ್ ಈ ತಾಣದ ಒಳ್ಳೆಯ ಭಾಗ. ಬೈಔಟ್ ಅಂದರೆ ಬಾಕಿ ಸಂಬಳದ ಒಂದು ಪಾಲು ಕೊಟ್ಟು ಒಪ್ಪಂದ ಮುರಿಯುವುದು. 26 ದಾಟಿದವನಿಗೆ ಎರಡು ವರ್ಷ, ವರ್ಷಕ್ಕೆ 60 ಲಕ್ಷ ಬಾಕಿ ಇದೆ ಅನ್ನಿ. ಒಟ್ಟು 1.2 ಕೋಟಿ, ಅದರ ಮೂರನೇ ಎರಡು ಭಾಗ 80 ಲಕ್ಷ. ಅದನ್ನು ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 20 ಲಕ್ಷ. ಈ ಗಣಿತ ಸಲೀಸಾಗುವುದು ಸಂಬಳವೆಲ್ಲ ಮೂಲವೇತನವಾಗಿದ್ದಾಗ. ಸೈನಿಂಗ್ ಬೋನಸ್‌ಗೆ (ಸಹಿಯ ಲೆಕ್ಕದಲ್ಲಿ ಕೊಡುವ ಹಣ) ಬೈಔಟ್‌ನಲ್ಲಿ ಕಡಿತವೇ ಇಲ್ಲ, ಆದ್ದರಿಂದ ಬೋನಸ್ ತುಂಬಿದ ಒಪ್ಪಂದಕ್ಕೆ ಉಳಿತಾಯ ನಾಮಕಾವಾಸ್ತೆ. ಅದೇ ಬೋನಸ್ ಜುಲೈ 1ಕ್ಕೆ ಪಾವತಿಯಾದ ಮೇಲೆ ಕ್ಯಾಪ್ ಹಿಟ್ (ಕ್ಯಾಪ್ ಲೆಕ್ಕಕ್ಕೆ ಹಿಡಿಯುವ ಮೊತ್ತ) ಅಷ್ಟೇ ಇದ್ದು ಕೈಯಿಂದ ಕೊಡಬೇಕಾದ ನಗದು ಇಳಿಯುತ್ತದೆ. ಹಣದ ಬಿಗಿ ಇರುವ ತಂಡ ಒಪ್ಪಿಕೊಳ್ಳುವುದು ಆಗಲೇ. ಕೆಳಗಿನ ಲೀಗ್ ಆದ ಎಎಚ್‌ಎಲ್‌ಗೆ ಇಳಿಸಿದರೆ 2025-26ರಲ್ಲಿ ಕ್ಯಾಪ್‌ನಿಂದ ಕಳೆಯುವುದು 11.5 ಲಕ್ಷ ಡಾಲರ್ ಮಾತ್ರ, ದೊಡ್ಡ ಒಪ್ಪಂದಕ್ಕೆ ಅದು ಏನೇನೂ ಸಾಲದು.

ಕೊನೆಗೆ ಪಕ್‌ಜಿಎಂ ಎಂಬ ವಿಭಾಗದಲ್ಲಿ ನೀವೇ ತಂಡ ಕಟ್ಟಿ, ಟ್ರೇಡ್ ಮಾಡಿ, ಕ್ಯಾಪ್ ಎಷ್ಟು ಉಳಿಯಿತು ಎಂದು ನೋಡಬಹುದು. ಅಂಕಿ ಸರಿ ಬರುತ್ತದೆ, ಬೆಲೆ ಮಾತ್ರ ಅಲ್ಲಿ ಸಿಗುವುದಿಲ್ಲ. ಈ ಸಂತೆಯಲ್ಲಿ ಮಾರುವವನೇ ಮೇಲಿಂದ ದುಡ್ಡು ಕೊಡಬೇಕು; ಬಂದರಿನ ಧಕ್ಕೆಯಲ್ಲಿ ಐಸ್ ಕರಗಿದ ಮೇಲೆ ಬಂಗುಡೆ ಏಲಂ ಕೂಗಿದ ಹಾಗೆ, ನಿಮ್ಮ ಅವಸರ ಎದುರಿನವನಿಗೆ ಗೊತ್ತಾದರೆ ಮುಗಿಯಿತು. 2019ರಲ್ಲಿ ಟೊರೊಂಟೊ 62.5 ಲಕ್ಷದ ಪ್ಯಾಟ್ರಿಕ್ ಮಾರ್ಲೊನನ್ನು ಕಳಿಸಲು ಕ್ಯಾರೊಲಿನಾಗೆ ಮೊದಲ ಸುತ್ತಿನ ಡ್ರಾಫ್ಟ್ ಪಿಕ್, ಅಂದರೆ ಹೊಸ ಆಟಗಾರನನ್ನು ಆರಿಸುವ ಸರದಿ, ಕೊಟ್ಟಿತು. 35 ದಾಟಿ ಸಹಿ ಹಾಕಿದ ಒಪ್ಪಂದವಾದ್ದರಿಂದ ಟೊರೊಂಟೊ ತಾನೇ ಬೈಔಟ್ ಮಾಡಿದ್ದರೆ ಕ್ಯಾಪ್‌ನಲ್ಲಿ ಒಂದು ಡಾಲರೂ ಉಳಿಯುತ್ತಿರಲಿಲ್ಲ. ಆ ಪಿಕ್ಕಿನಿಂದ ಕ್ಯಾರೊಲಿನಾಗೆ ಸಿಕ್ಕವನು ಸೆತ್ ಜಾರ್ವಿಸ್. 2022ರಲ್ಲಿ ಕ್ಯಾಲ್ಗರಿ ಷಾನ್ ಮೊನಹನ್ ಜತೆ ಮೊದಲ ಸುತ್ತಿನ ಪಿಕ್ ಸೇರಿಸಿ ಮಾಂಟ್ರಿಯಲ್‌ಗೆ ಕಳಿಸಿತು. 2024ರಲ್ಲಿ ಮಾಂಟ್ರಿಯಲ್ ಅವನನ್ನೇ ವಿನಿಪೆಗ್‌ಗೆ ಕೊಟ್ಟು ಮತ್ತೊಂದು ಮೊದಲ ಸುತ್ತಿನ ಪಿಕ್ ಗಿಟ್ಟಿಸಿತು!

ಈ ಎರಡನ್ನೂ ದರಪಟ್ಟಿ ಅಂದುಕೊಳ್ಳಬೇಡಿ. ಆಗ ಕ್ಯಾಪ್ ಕದಲುತ್ತಲೇ ಇರಲಿಲ್ಲ: 2019-20ರಿಂದ ಮೂರು ಋತು 8.15 ಕೋಟಿ ಡಾಲರ್. 2025-26ಕ್ಕೆ 9.55 ಕೋಟಿ, 2026-27ಕ್ಕೆ 10.4 ಕೋಟಿ. ಜಾಗ ಇರುವ ತಂಡಗಳು ಹೆಚ್ಚಿದಷ್ಟೂ ದಾಟಿಸುವ ಖರ್ಚು ಇಳಿಯುತ್ತದೆ. ಆದ್ದರಿಂದ ಪಕ್‌ಜಿಎಂಗೆ ಹೋಗುವ ಮೊದಲು ಎಲ್ಲ ತಂಡಗಳ ಕ್ಯಾಪ್ ಪಟ್ಟಿ ತೆರೆದು, ಯಾರ ಹತ್ತಿರ ಜಾಗ ಇದೆ, ರಿಟೆನ್ಶನ್ ಎಷ್ಟು ಖಾಲಿ ಇದೆ ಎಂದು ಗುರುತು ಹಾಕಿಕೊಳ್ಳಿ.

ವರ್ಷದ ಕಾಲಂಗಳು ಉದ್ದವಿರುವುದರಿಂದ ಲ್ಯಾಪ್‌ಟಾಪ್ ಮೇಲು. ಮೊಬೈಲ್ ಆದರೆ ಅಡ್ಡ ಹಿಡಿಯಿರಿ. ಮಾರ್ಚ್‌ನ ಟ್ರೇಡ್ ಡೆಡ್‌ಲೈನ್ ನಮಗೆ ರಾತ್ರಿ 1.30ಕ್ಕೆ. ಜುಲೈ 1ರ ಫ್ರೀ ಏಜೆನ್ಸಿ (ಒಪ್ಪಂದ ಮುಗಿದವರು ಹೊಸ ತಂಡ ಹುಡುಕುವ ಅವಧಿ) ರಾತ್ರಿ 9.30ಕ್ಕೆ ಶುರು, ಊಟ ಮುಗಿಸಿ ಕೂರಬಹುದು. ಆ ಮಳೆಗೆ ಕರೆಂಟಿನ ಭರವಸೆ ಇಲ್ಲ, ಬೇಕಾದ ಪುಟಗಳನ್ನು ಸಂಜೆಯೇ ತೆರೆದಿಡಿ.