ಮನೆ ಡೇಕೇರ್: ಆರೈಕೆಗೆ ನಾಲ್ಕು ಸ್ಟಾರ್, ರಜೆ ಲೆಕ್ಕಕ್ಕೆ ಎರಡೇ

ಬೆಂಗಳೂರಿನ ಬಡಾವಣೆಗಳಲ್ಲಿ ಒಬ್ಬರೇ ಆಂಟಿ ನಾಲ್ಕೈದು ಮಕ್ಕಳನ್ನು ನೋಡಿಕೊಳ್ಳುವ ಡೇಕೇರ್‌ಗಳಲ್ಲಿ ಬಿಸಿ ಅನ್ನ-ಸಾರು, ಮಧ್ಯಾಹ್ನದ ನಿದ್ದೆ, ದಿನವೂ ಅದೇ ಮುಖ. ದೊಡ್ಡ ಸೆಂಟರ್‌ಗಳಲ್ಲಿ ಇದು ಅಪರೂಪ. ಆದರೆ ಆಂಟಿ ಊರಿಗೆ ಹೊರಟರೆ ಬಾಗಿಲಿಗೆ ಬೀಗ. ಬದಲಿ ಯಾರೂ ಇರುವುದಿಲ್ಲ.

ಯುಗಾದಿ, ದಸರಾ, ದೀಪಾವಳಿ ರಜೆಗೆ ಆಂಟಿಯ ಫೀಸಿನಲ್ಲಿ ಕಡಿತ ಮಾಡದಿರುವುದೇ ನ್ಯಾಯ. ಆ ದಿನಗಳಿಗೂ ಅವರು ಬಾಡಿಗೆ ಕಟ್ಟಬೇಕಲ್ಲ! ತಕರಾರು ಹುಟ್ಟುವುದು ಅವರ ಸ್ವಂತ ರಜೆಯಲ್ಲಿ.

ತಿಂಗಳಿಗೆ 12,000 ರೂಪಾಯಿ ಫೀಸು, ಸೋಮವಾರದಿಂದ ಶುಕ್ರವಾರದವರೆಗೆ ಬೀಗ ಎಂದುಕೊಳ್ಳಿ. 30ರಿಂದ ಭಾಗಿಸಿದರೆ ದಿನಕ್ಕೆ 400, ಐದು ದಿನಕ್ಕೆ 2,000 ಕಡಿತ. ಕೆಲಸದ ದಿನ 22ರಿಂದ ಭಾಗಿಸಿದರೆ ದಿನಕ್ಕೆ 545, ಒಟ್ಟು ಸುಮಾರು 2,727. ಹೆಚ್ಚಿನ ಆಂಟಿಯರು ಹೇಳುವುದು 30ರ ಲೆಕ್ಕ, ಎಣಿಸುವುದು ಮಾತ್ರ ಐದೇ ದಿನ. 30 ಹಿಡಿದರೆ ಶನಿವಾರ, ಭಾನುವಾರವೂ ಸೇರಿ ಏಳು ದಿನದ 2,800 ಕಡಿಯಬೇಕು. ಏಳುನೂರು ಎಂಟುನೂರರ ಈ ಎಡವಟ್ಟಿಗೇ ಎಷ್ಟೋ ಕಡೆ ಮಾತು ಮುರಿಯುತ್ತದೆ.

ಸೇರಿಸುವ ದಿನವೇ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ: ವರ್ಷಕ್ಕೆ ಹನ್ನೆರಡು ದಿನ ಸಂಬಳ ಸಹಿತ ರಜೆ, ಮೀರಿದರೆ 22ರ ಲೆಕ್ಕದಲ್ಲಿ ಮುಂದಿನ ತಿಂಗಳ ಫೀಸಿನಲ್ಲಿ ಕಡಿತ, ಊರಿಗೆ ಹೋಗುವುದಿದ್ದರೆ ಹದಿನೈದು ದಿನ ಮೊದಲೇ ತಿಳಿಸುವುದು. ಆಂಟಿ ಜ್ವರ ಬಂದು ಮಲಗಿದ ಎರಡು ದಿನಕ್ಕೆ ದುಡ್ಡು ಹಿಡಿಯುವುದು ಸಣ್ಣತನ. ಮಗು ಬಾರದ ದಿನಕ್ಕೆ ಪೂರ್ತಿ ಫೀಸು, ಅದನ್ನು ಚೌಕಾಸಿ ಮಾಡಬೇಡಿ. ಅಡ್ವಾನ್ಸ್ ಕೊನೆಯ ತಿಂಗಳಿಗೆ ವಜಾ ಆಗುತ್ತದೆಯೇ ಎಂದೂ ಕೇಳಿಬಿಡಿ.